ಯಮನವ್ವ ಕಾಶಿಗೆ ಹೋಗಿ ಬಂದದ್ದು

ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯ ಕೆಳಗಡೆ ತಗಡಿನ ಶೆಡ್ಡುಗಳ ಒಂದು ಸಾಲು ಇತ್ತು. ಒಟ್ಟು ಹದಿನಾಲ್ಕು. ಎಲ್ಲರೂ ಹುನಗುಂದ, ಕುಷ್ಟಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಏಳನೆಯ ಶೆಡ್ಡಿನಲ್ಲಿ ಯಮನವ್ವ, ಅವಳ ಗಂಡ ಹುಸೇನಪ್ಪ, ಮಗಳು ಅಶ್ವಿನಿ. ಅಶ್ವಿನಿಗಿಂತ ಮುಂಚೆ ಒಂದು ಗಂಡುಕೂಸಿತ್ತು. ಅವರು ಈ ಊರಿಗೆ ಬಂದ ಮೊದಲ ಮಳೆಗಾಲದಲ್ಲೇ ಜ್ವರ ಬಂದು ತೀರಿಹೋಯಿತು.

ಹುಸೇನಪ್ಪ ಕಾರ್ಕಳದ ಕಡೆ ಜಲ್ಲಿ ಕ್ರಷರಿನಲ್ಲಿ ಒಂಬತ್ತು ವರ್ಷ ದುಡಿದ. ಕರಿಕಲ್ಲಿನ ಹುಡಿ ಕುಡಿದು ಕುಡಿದು ಅವನ ಎದೆ ಹೋಯಿತು. ಎರಡು ಸಾವಿರದ ನಾಲ್ಕನೆಯ ಇಸವಿಯಿಂದ ಅವನು ಮನೆಯಲ್ಲೇ. ಗೋಡೆಗೆ ಒರಗಿ ಕೂತರೆ ಉಸಿರು, ಮಲಗಿದರೆ ಕೆಮ್ಮು. ಹಾಗಾಗಿ ಕೂತೇ ಇರುತ್ತಿದ್ದ.

ಯಮನವ್ವ ಮೊದಲು ಕಲ್ಲು ಹೊತ್ತಳು, ಆಮೇಲೆ ಮನೆಗಳಲ್ಲಿ ಪಾತ್ರೆ ತೊಳೆದಳು, ಕೊನೆಗೆ ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಓದು ಬಾರದು. ಆದರೆ ಗುಳಿಗೆಯನ್ನು ಬಣ್ಣದಿಂದಲೂ ಹೊತ್ತನ್ನು ಗಡಿಯಾರದ ಮುಳ್ಳು ನಿಂತ ಜಾಗದಿಂದಲೂ ಗುರುತಿಟ್ಟು, ಒಂದು ಸಲವೂ ತಪ್ಪಿಸಿದವಳಲ್ಲ. ಗಾಯ ಹೇಗುಂಟು ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಸಮಾಧಾನಕ್ಕೆಂದು ಒಂದು ಮಾತು ಹೆಚ್ಚಿಗೆ ಸೇರಿಸುವುದು ಅವಳಿಂದ ಆಗುತ್ತಿರಲಿಲ್ಲ. ಒಂದು ಮನೆಯಲ್ಲಿ ಕಂಡದ್ದನ್ನು ಇನ್ನೊಂದು ಮನೆಯಲ್ಲಿ ಬಾಯಿ ಬಿಡುತ್ತಲೂ ಇರಲಿಲ್ಲ. ಈ ಗುಣ ನೋಡಿಯೇ ತೃಪ್ತಿ ಅವಳನ್ನು ಆರಿಸಿದ್ದು.

ತೃಪ್ತಿಯ ಮನೆ ಕಡಿಯಾಳಿಯಲ್ಲಿ. ಗಂಡ ರೋಶನ್‌ಗೆ ಮೂರು ಬೋಟು. ಅತ್ತೆ ಅಮ್ಮಣ್ಣಿ ಕಾಪುವಿನ ಹಳೆಯ ಮನೆಯಲ್ಲಿ ದೊಡ್ಡ ಮಗನ ಜೊತೆ ಇದ್ದಳು. ತೃಪ್ತಿಗೆ ನಲವತ್ತೆರಡು ವರ್ಷ. ಮೈ ಇಳಿಸಲಿಕ್ಕೆಂದು ಊಟ ಬಿಟ್ಟು, ಮೈ ಇಳಿದು, ಗಲ್ಲದ ಕೆಳಗೆ ಚರ್ಮ ಜೋತು ಬಿದ್ದಿತ್ತು. ಒಂದು ಮದುವೆ ಮನೆಯಲ್ಲಿ ಯಾರೋ ರೋಶನ್‌ನ ಹತ್ತಿರ, ಇವರು ನಿಮ್ಮ ಅಕ್ಕನಾ ಎಂದು ಕೇಳಿದರಂತೆ. ಕೇಳಿದವರ ಮೇಲೆ ತೃಪ್ತಿಗೆ ಅಷ್ಟು ಸಿಟ್ಟಿರಲಿಲ್ಲ. ರೋಶನ್ ನಕ್ಕನಂತೆ. ಅದು ಒಳಗೆ ಹೋಗಿ ಕೂತಿತು.

ಮಂಗಳೂರಿನ ಒಬ್ಬ ಏಜೆಂಟ್ ಬ್ಯಾಂಕಾಕಿನ ಆಸ್ಪತ್ರೆಯ ಚಿತ್ರ ತೋರಿಸಿದ. ಗಲ್ಲದ ಚರ್ಮ ಎಳೆದು ಕಿವಿಯ ಹಿಂದೆ ಹೊಲಿಯುತ್ತಾರೆ, ಮೂಗಿನ ಎಲುಬು ತೆಳ್ಳಗೆ ಮಾಡುತ್ತಾರೆ, ಬಾವು ಇಳಿಯುವವರೆಗೆ ಅಲ್ಲೇ ಇದ್ದು ಬರಬಹುದು, ಊರಿನವರು ಒಬ್ಬರೂ ನೋಡುವುದಿಲ್ಲ ಎಂದ. ಕೊನೆಯ ಮಾತೇ ತೃಪ್ತಿಗೆ ಬೇಕಾದ್ದು. ಆದರೆ ಇಪ್ಪತ್ತೈದು ದಿನ ಮನೆಯಲ್ಲಿಲ್ಲದಿದ್ದರೆ ಅತ್ತೆ ಕೇಳದೆ ಇರುತ್ತಾಳೆಯೇ? ಅಮ್ಮಣ್ಣಿಗೆ ಗೊತ್ತಾದರೆ ಕಾಪುವಿನ ಮೀನು ಮಾರ್ಕೆಟಿಗೆಲ್ಲ ಗೊತ್ತಾದ ಹಾಗೆಯೇ. ಅದಕ್ಕೆ ಕಾಶಿಯಾತ್ರೆ ಎಂದು ಹೇಳಿದರು. ಕಾಶಿ ಎಂದರೆ ಬೇಡ ಎನ್ನುವವರು ಯಾರು? ಮುಖದಲ್ಲಿ ಹೊಲಿಗೆ ಕಂಡರೆ, ಗಂಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ಎಂದರಾಯಿತು.

ರೋಶನ್‌ಗೆ ಬೋಟಿನ ಸೀಸನ್ನು. ಜೊತೆಗೆ ಯಮನವ್ವ ಹೋಗುವುದೆಂದಾಯಿತು. ಅವಳ ಪಾಸ್‌ಪೋರ್ಟಿನ ಕೆಲಸವನ್ನೆಲ್ಲ ಏಜೆಂಟೇ ಮಾಡಿಸಿದ. ತೃಪ್ತಿ ಅವಳನ್ನು ಕಡಿಯಾಳಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಮೆಟ್ಟಿಲಿನ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು.

"ಯಾರಿಗೂ ಹೇಳಬಾರದು. ಗಂಡನಿಗೂ."

ಯಮನವ್ವ ಹ್ಞೂಂ ಎಂದಳು. ಅವಳ ಮಟ್ಟಿಗೆ ಅದು ಇನ್ನೊಂದು ರೋಗಿಯ ಗುಟ್ಟು, ಅಷ್ಟೇ.

ಶೆಡ್ಡಿಗೆ ಬಂದು ಕಾಶಿ ಎಂಬ ಮಾತು ಆಡಿದ ಮೇಲೆಯೇ ಅವಳಿಗೆ ತಾನು ಎಂಥದ್ದಕ್ಕೆ ಕೈ ಹಾಕಿದೆ ಎಂದು ತಿಳಿದದ್ದು. ಹುಸೇನಪ್ಪ ಎರಡು ವರ್ಷದಲ್ಲಿ ಅಷ್ಟು ನೆಟ್ಟಗೆ ಕೂತಿರಲಿಲ್ಲ. ಸಾಲಿನ ಹದಿನಾಲ್ಕು ಶೆಡ್ಡಿಗೂ ಅಶ್ವಿನಿಯನ್ನು ಓಡಿಸಿ ಸುದ್ದಿ ಹೇಳಿಸಿದ. ತಮ್ಮ ಕುಲದಲ್ಲಿ ಕೃಷ್ಣೆ ದಾಟಿದವರೇ ಕಡಿಮೆ, ಇವಳು ಗಂಗೆಯಲ್ಲಿ ಮುಳುಗಿ ಬರುತ್ತಾಳೆ ಎಂದು ಬಂದವರಿಗೆಲ್ಲ ಕೆಮ್ಮುತ್ತ ಕೆಮ್ಮುತ್ತ ಹೇಳಿದ. ಹೊರಡುವ ದಿನ ಅವಳ ಕೈ ಹಿಡಿದುಕೊಂಡ.

"ನನ್ನ ಹೆಸರ್ಲೆ ಒಂದು ಮುಳುಗು ಹಾಕು. ಕೂಸಿನ ಹೆಸರ್ಲೆ ಒಂದು. ಒಂದು ಗಿಂಡಿ ಗಂಗಿ ತಾ. ಹೋಗೂ ಮುಂದ ಬಾಯಾಗ ಬಿದ್ರ ಸಾಕು ನನಗ."

ಬ್ಯಾಂಕಾಕಿನಲ್ಲಿ ಆಸ್ಪತ್ರೆಯ ಹಿಂದೆಯೇ ಒಂದು ವಸತಿಗೃಹ. ಆಪರೇಶನ್ ಆದ ಮೂರನೆಯ ದಿನ ತೃಪ್ತಿಯನ್ನು ಅಲ್ಲಿಗೆ ಕಳಿಸಿದರು. ಮುಖ ಕುಂಬಳಕಾಯಿಯಷ್ಟಾಗಿತ್ತು. ಕಣ್ಣಿನ ಸುತ್ತ ಕಪ್ಪು, ಮೂಗಿನ ಮೇಲೆ ಗಟ್ಟಿ ಪಟ್ಟಿ, ಕಿವಿಯ ಹಿಂದೆ ಎರಡೂ ಕಡೆ ಹೊಲಿಗೆ. ಯಮನವ್ವ ಮೂರು ದಿಂಬು ಕೊಟ್ಟು ತಲೆ ಎತ್ತರಿಸಿದಳು. ಎರಡು ತಾಸಿಗೊಮ್ಮೆ ಐಸಿನ ಚೀಲ ಇಟ್ಟಳು. ಅನ್ನ ಬೇಯಿಸಿ, ಅರೆದು, ಗಂಜಿ ಮಾಡಿ ಚಮಚದಲ್ಲಿ ಕುಡಿಸಿದಳು. ತೃಪ್ತಿ ಕನ್ನಡಿ ನೋಡಲು ಹೆದರಿ ಅದಕ್ಕೆ ಟವೆಲ್ ಮುಚ್ಚಿಸಿದ್ದಳು. ಬೆಳಿಗ್ಗೆ ಎದ್ದ ಕೂಡಲೆ ಯಮನವ್ವನನ್ನೇ ಕೇಳುವುದು. ಎಡಗಡೆ ನಿನ್ನಿಗಿಂತ ಒಂದು ಬೆರಳು ಇಳಿದೈತಿ, ಬಲಗಡೆ ಹಂಗೇ ಐತಿ ಎಂದು ಅವಳು ಹೇಳುತ್ತಿದ್ದಳು. ಚೆಂದ ಕಾಣ್ತೀರಿ ಎಂದು ಇಪ್ಪತ್ತು ದಿನದಲ್ಲಿ ಒಮ್ಮೆಯೂ ಹೇಳಲಿಲ್ಲ.

ಕೆಳಗಿನ ಊಟದ ಕೋಣೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಸೇರುತ್ತಿದ್ದರು. ಯಾವ ಯಾವ ದೇಶದವರೋ, ಬಿಳಿಯರು, ಕರಿಯರು, ಬುರ್ಖಾದವರು. ಒಬ್ಬಳಿಗೆ ಮೂಗಿಗೆ ಪಟ್ಟಿ, ಒಬ್ಬಳಿಗೆ ಎದೆಗೆ, ಒಬ್ಬನಿಗೆ ತಲೆಗೆ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ತಮ್ಮ ತಮ್ಮ ಬಟ್ಟಲು ನೋಡಿಕೊಂಡು ಹೀರುವುದು, ಎದ್ದು ಹೋಗುವುದು. ಇಷ್ಟು ನೋವು ಉಣ್ಣಲಿಕ್ಕೆ ಇಷ್ಟು ದೂರ ಬಂದಿದ್ದಾರಲ್ಲ, ಇವರ ಮನೆಯವರಿಗೆಲ್ಲ ಎಂತೆಂಥ ಕಾಶಿ ಹೇಳಿದ್ದಾರೋ ಎಂದು ಯಮನವ್ವ ಯೋಚಿಸುತ್ತಿದ್ದಳು.

ಹೊಲಿಗೆ ಬಿಚ್ಚಿದ ದಿನ ಅವಳು ಗಂಗೆಯ ಮಾತು ತೆಗೆದಳು. ಗಂಡ ಕೇಳಿದ್ದಾನೆ, ಬರಿಗೈಲೆ ಹೋಗಲಿಕ್ಕೆ ಆಗೂದಿಲ್ಲ ಅಕ್ಕಾರ ಎಂದಳು. ಮುಖದ ಬಾವು ಇಳಿಯುತ್ತಿದ್ದುದರಿಂದ ತೃಪ್ತಿ ಖುಷಿಯಲ್ಲಿದ್ದಳು.

"ಅದಕ್ಕೆ ಎಂತ ಚಿಂತೆ ಮಾರಾಯ್ತಿ? ಗಂಗಾಜಲ ತುಂಬಿ ಬೆಸುಗೆ ಹಾಕಿದ ಗಿಂಡಿ ಉಡುಪಿಯಲ್ಲೇ ಸಿಗ್ತದೆ. ಅತ್ತೆಗೂ ಬೇಕಲ್ವಾ? ರೋಶನ್ ಎರಡು ತಂದಿಡ್ತಾರೆ."

ಊರಿಗೆ ಬಂದಾಗ ರೋಶನ್ ತಂದಿಟ್ಟದ್ದು ಒಂದೇ. ಇನ್ನೊಂದು ಮರೆತುಹೋಯಿತು, ನಾಳೆ ಬಾ ಎಂದರು.

ಯಮನವ್ವ ಬಸ್ಸಿಳಿದು ಶೆಡ್ಡಿನ ಹತ್ತಿರ ಬರುವಷ್ಟರಲ್ಲಿ ಸಾಲಿನವರೆಲ್ಲ ಹೊರಗೆ ನಿಂತಿದ್ದರು. ಅವರ ಸೀಮೆಯಲ್ಲಿ ಕಾಶಿಗೆ ಹೋಗಿ ಬಂದವರು ಹಾಗೆಯೇ ಒಳಗೆ ಬರುವಂತಿಲ್ಲ. ಹೊಸ್ತಿಲಾಚೆ ನಿಲ್ಲಿಸಿ, ಪರಾತದಲ್ಲಿ ಕಾಲು ಇಡಿಸಿ, ನೀರು ಹಾಕಿ ತೊಳೆದು, ಆ ನೀರನ್ನು ಕಣ್ಣಿಗೆ ಹಚ್ಚಿಕೊಳ್ಳುವುದು ಪದ್ಧತಿ. ಗಂಗೆಯಲ್ಲಿ ನಿಂತ ಕಾಲು ಗಂಗೆಗೆ ಸಮ. ಮೇಸ್ತ್ರಿ ಹನುಮೇಶ, ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವನು, ಬಗ್ಗಿ ಅವಳ ಕಾಲು ತೊಳೆದ. ಅವಳು ಬೇಡ ಬೇಡ ಎಂದದ್ದನ್ನು ಎಲ್ಲರೂ ನಾಚಿಕೆ ಎಂದುಕೊಂಡರು. ಗಿಂಡಿ ಎಲ್ಲಿ ಎಂದು ಕೇಳಿದಾಗ, ಅಕ್ಕಾರ ಸಾಮಾನಿನಾಗ ಐತಿ, ನಾಳಿ ತರ್ತೀನಿ ಎಂದಳು.

ಹುಸೇನಪ್ಪ ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದ. "ಗಿಂಡಿ ನಾಳಿ ಬರ್ಲಿ. ಕಾಲು ಇವತ್ತ ಬಂದಾವಲ್ಲ" ಎಂದವನೇ ಪರಾತಕ್ಕೆ ಬೊಗಸೆ ಹಾಕಿ ಕುಡಿದುಬಿಟ್ಟ. ಕಣ್ಣಿಗೆ ಹಚ್ಚಿಕೊಳ್ಳಬೇಕಾದದ್ದನ್ನು ಕುಡಿದ. ಕುಡಿದು, ಎದೆ ಹಗುರಾಯಿತು ಎಂದ. ಮರುದಿನ ಬೆಳಿಗ್ಗೆಯೂ ಕಾಲು ತೊಳೆದ ನೀರು ಕೇಳಿದ. ಅದರ ಮರುದಿನವೂ. ಯಮನವ್ವ ಬಾಗಿಲ ಹೊರಗೆ ಹೋಗಿ ಕಾಲನ್ನು ಮೂರು ಸಲ ಸೋಪು ಹಾಕಿ ತಿಕ್ಕಿ ತೊಳೆದು ಬರುತ್ತಿದ್ದಳು. ಆಮೇಲೆ ಅವನೆದುರು ಪರಾತದಲ್ಲಿ ಇಡುತ್ತಿದ್ದಳು. ಅವಳ ಕೈಲಾದದ್ದು ಅಷ್ಟೇ.

ಗಿಂಡಿಯ ನಾಳೆ ಮಾತ್ರ ಬರಲಿಲ್ಲ. ಒಂಬತ್ತನೆಯ ದಿನ ಹುಸೇನಪ್ಪನಿಗೆ ನೀರು ಕೂಡ ಗಂಟಲಲ್ಲಿ ನಿಲ್ಲತೊಡಗಿತು. ಯಮನವ್ವ ಕಡಿಯಾಳಿಗೆ ಹೋದಳು. ಮನೆಗೆ ಬೀಗ. ಕಾಪುವಿನ ಮನೆಯಲ್ಲಿ ಗಂಗಾಪೂಜೆ, ಎಲ್ಲರೂ ಅಲ್ಲಿಗೆ ಹೋಗಿದ್ದಾರೆ ಎಂದು ನೆರೆಯವರು ಹೇಳಿದರು. ಅಲ್ಲಿಂದಲೇ ಬಸ್ಸು ಹತ್ತಿದಳು.

ಕಾಪುವಿನ ಮನೆಯ ಅಂಗಳದಲ್ಲಿ ಚಪ್ಪರ. ನಡುವೆ ತೃಪ್ತಿ, ಹೊಸ ಮೂಗು, ಬಿಗಿದ ಗಲ್ಲ, ರೇಷ್ಮೆ ಸೀರೆ. ಬಿದ್ದರೂ ಎಷ್ಟು ಚಂದಕ್ಕೆ ಹೊಲಿದಿದ್ದಾರೆ, ಕಾಶಿಯ ಡಾಕ್ಟರರು ಭಾರಿ ಎಂದು ಹೆಂಗಸರು ಹೇಳುತ್ತಿದ್ದರು. ರೋಶನ್ ದೂರದಲ್ಲಿ ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದ, ಹೆಂಡತಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಯಮನವ್ವನನ್ನು ಕಂಡು ತೃಪ್ತಿಯ ಮುಖದ ಬಣ್ಣ ಹೋಯಿತು. ಹಿಂದಿನ ಬಾಗಿಲಿಗೆ ಹೋಗಿ ನಿಲ್ಲು ಎಂದು ಕಣ್ಣಲ್ಲೇ ಹೇಳಿದಳು.

ಹಿಂದಿನ ಬಾಗಿಲಲ್ಲಿ ಅಮ್ಮಣ್ಣಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಬುಟ್ಟಿ ಹೊತ್ತು ತಲೆಯ ನಡುವೆ ಕೂದಲು ಸವೆದಿತ್ತು. ಸೊಸೆಯ ಜೊತೆ ಹೋದವಳು ನೀನೇನಾ ಎಂದು ಕೇಳಿ, ಎಷ್ಟನೆಯ ಮೆಟ್ಟಿಲಲ್ಲಿ ಬಿದ್ದಳು ಎಂದು ವಿಚಾರಿಸಿದಳು. ಯಮನವ್ವ ಆಣೆ ನೆನೆದು, ನಾಲ್ಕನೆಯದು ಎಂದಳು. ಅಮ್ಮಣ್ಣಿ ಅವಳನ್ನೇ ನೋಡಿದಳು.

"ಐವತ್ತು ವರ್ಷ ಮೀನು ಮಾರಿದವಳು ನಾನು. ಇವತ್ತು ಹಿಡಿದದ್ದು ಯಾವುದು, ಐಸಿನಲ್ಲಿಟ್ಟು ತಂದದ್ದು ಯಾವುದು, ಕಿವಿ ಎತ್ತಿ ನೋಡಿದರೆ ನನಗೆ ಗೊತ್ತಾಗುವುದಿಲ್ವಾ? ಅವಳ ಕಿವಿಯ ಹಿಂದೆ ನೋಡಿದ್ದೇನೆ. ಬಿದ್ದ ಗಾಯ ಎರಡೂ ಕಡೆ ಒಂದೇ ಅಳತೆಗೆ ಆಗುವುದಿಲ್ಲ."

ಗಂಡಗ ನೀರೂ ಇಳೀವಲ್ದು, ಗಿಂಡಿಗೆ ಬಂದೀನಿ ಎಂದಷ್ಟೇ ಯಮನವ್ವ ಹೇಳಿದಳು.

"ಗಿಂಡಿಗೆ ಬಂದದ್ದಾ? ಅದು ಒಡೆದು ಹಂಚಿ ಆಯಿತು. ಅಡಿಯಲ್ಲಿ ಅಂಗಡಿಯ ಚೀಟಿ ಅಂಟಿಕೊಂಡೇ ಇತ್ತು. ನಾನೇ ಉಗುರಿನಲ್ಲಿ ಕೆರೆದು ತೆಗೆದೆ, ಬಂದವರಿಗೆ ಕಾಣಬಾರದಲ್ಲ. ನನ್ನ ಮಗನ ಮರ್ಯಾದೆ." ಅಮ್ಮಣ್ಣಿ ಎದ್ದು, ಒಂದು ಸ್ಟೀಲಿನ ಡಬ್ಬಿಯಲ್ಲಿ ಪಾಯಸ ಹಾಕಿ ತಂದು ಅವಳ ಕೈಗೆ ಕೊಟ್ಟಳು. "ಹೋಗು. ನಿನ್ನ ಗಂಡನಿಗೆ ಕೊಡು."

ಮಧ್ಯಾಹ್ನ ಮೂರಕ್ಕೆ ಯಮನವ್ವ ಶೆಡ್ಡಿಗೆ ಬಂದಳು. ಅಶ್ವಿನಿ ನೀರಿಗೆ ಹೋಗಿದ್ದಳು. ಹುಸೇನಪ್ಪ ಪಾಯಸ ಬೇಡ ಎಂದ. ಗಿಂಡಿ ಕೇಳಲಿಲ್ಲ. ಹತ್ತಿರ ಕೂರಿಸಿಕೊಂಡು ಬೇರೆಯದೇ ಕೇಳಿದ.

"ಕೂಸಿನ ಹೆಸರ್ಲೆ ಮುಳುಗು ಹಾಕಿದ್ಯಲ್ಲ, ಆವಾಗ ಏನರ ಕಂಡ್ತೇನು?"

ಕಾಲು ಕೊಟ್ಟಿದ್ದಳು, ಮೆಟ್ಟಿಲು ಎಣಿಸಿ ಹೇಳಿದ್ದಳು. ಇದಕ್ಕೆ ಮಾತ್ರ ಅವಳ ಬಾಯಿ ಸುಳ್ಳು ಹೇಳಲಿಕ್ಕೆ ಒಪ್ಪಲಿಲ್ಲ. ಆಣೆ ಹಾಳಾಗಲಿ ಎಂದು ಎಲ್ಲ ಹೇಳಿದಳು. ವಿಮಾನ, ಆ ಊರು, ಐಸಿನ ಚೀಲ, ಪಟ್ಟಿ ಕಟ್ಟಿದ ಮುಖಗಳು, ಅಂಗಡಿಯ ಚೀಟಿ. ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ ಹೇಳಿದಳು. ಹುಸೇನಪ್ಪ ಕಣ್ಣು ಮುಚ್ಚದೆ ಕೇಳಿದ.

"ಮಂದೀಗೆ ಹೇಳಬ್ಯಾಡ" ಎಂದ. ಅಷ್ಟೇ. ಗೋಡೆಯ ಕಡೆ ತಿರುಗಿದ. ಆಮೇಲೆ ಅವಳ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಗುಳಿಗೆಯನ್ನು ಅಶ್ವಿನಿ ಕೊಟ್ಟರೆ ನುಂಗುತ್ತಿದ್ದ.

ಎರಡು ದಿನ ಕಳೆದು ಬೆಳಿಗ್ಗೆ ಹತ್ತರ ಹೊತ್ತಿಗೆ ಉಸಿರು ಮೇಲಕ್ಕೆ ಹತ್ತಿತು. ಸಾಲಿನವರೆಲ್ಲ ಕೆಲಸ ಬಿಟ್ಟು ಬಂದರು. ಜೀವ ಗಂಗೆಗೆ ಕಾಯುತ್ತಿದೆ, ತಡ ಮಾಡಬೇಡಿ ಎಂದರು. ಹನುಮೇಶ ಪರಾತ ತಂದು ಯಮನವ್ವನ ಮುಂದಿಟ್ಟ. ಅವಳು ಹಿಂದೆ ಸರಿದಳು. ಇಬ್ಬರು ಹೆಂಗಸರು ಅವಳ ತೋಳು ಹಿಡಿದು, ಈಗ ಎದೆ ಗಟ್ಟಿ ಮಾಡಿಕೋ ತಂಗಿ ಎಂದು ಮುಂದೆ ತಂದರು. ಕಾಲು ಇಟ್ಟಳು. ಹನುಮೇಶ ಹೆಬ್ಬೆರಳಿನ ಮೇಲೆ ನೀರು ಬಿಟ್ಟು, ಚಮಚದಲ್ಲಿ ತೆಗೆದುಕೊಂಡು, ಹುಸೇನಪ್ಪನ ತುಟಿಯ ಹತ್ತಿರ ಹಿಡಿದ.

ಹುಸೇನಪ್ಪ ಅವಳನ್ನೇ ನೋಡುತ್ತಿದ್ದ. ಹಲ್ಲು ಕಚ್ಚಿಕೊಂಡಿದ್ದ.

ಹನುಮೇಶ ನೀರು ಹಾಕಿದ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು. "ಕುಡದ. ಪುಣ್ಯವಂತ" ಎಂದು ಹನುಮೇಶ ಕಣ್ಣೊರೆಸಿಕೊಂಡ. ಹೌದು ಹೌದು ಎಂದರು ಎಲ್ಲರೂ.

ಯಮನವ್ವ ಮೊಳದಷ್ಟು ಹತ್ತಿರದಲ್ಲಿದ್ದಳು. ನೀರು ಕಟವಾಯಿಯಿಂದ ಇಳಿದು, ಕಿವಿಯ ಬದಿಯಿಂದ ಹೋಗಿ, ದಿಂಬಿಗೆ ಸೇರಿತ್ತು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ.