ಕಿವಿ ಮೇಡಂ ಎಲೆ ಹಿಡಿದದ್ದು

ನಮ್ಮ ಕೆಳಗಿನ ಮನೆಯ ಹೆಂಗಸಿಗೆ ಯಾವುದೋ ದೊಡ್ಡ ದುಃಖವಿದೆ ಎಂದು ನಾನು ಬಹಳ ದಿನ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನನ್ನ ಕಿವಿ ಮಂದವಾಗಿದೆ ಎಂದು ಹೆಂಡತಿ ತೀರ್ಮಾನಿಸಿ ನನ್ನನ್ನು ಕಿವಿ ಡಾಕ್ಟರ ಕ್ಲಿನಿಕ್ಕಿಗೆ ಅಟ್ಟಿದ್ದಳು. ಅಲ್ಲಿ ಬೀರುವಿನಷ್ಟು ದೊಡ್ಡದಾದ ಒಂದು ಪೆಟ್ಟಿಗೆಯೊಳಗೆ ನನ್ನನ್ನು ಕೂರಿಸಿ, ಹೆಡ್‌ಫೋನ್ ಸಿಕ್ಕಿಸಿ, ಕೈಗೊಂದು ಬಟನ್ ಕೊಟ್ಟು, ದಪ್ಪ ಬಾಗಿಲು ಹಾಕಿದರು. ಶಬ್ದ ಕೇಳಿದರೆ ಒತ್ತಬೇಕು, ಕೇಳದಿದ್ದರೆ ಸುಮ್ಮನಿರಬೇಕು. ಎದುರಿನ ಗಾಜಿನಾಚೆ ಯಂತ್ರದ ಮುಂದೆ ಕೂತಿದ್ದವರು ಈ ಕೆಳಗಿನ ಮನೆಯವರೇ. ಆ ಮುಖದಲ್ಲಿ ಹುಬ್ಬಾಗಲಿ ತುಟಿಯಾಗಲಿ ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನು ಪರಿಚಯದ ನಗೆ ನಕ್ಕೆ, ಗೋಡೆಗೆ ನಕ್ಕಂತಾಯಿತು. ಒಂದೋ ನನ್ನ ಕಿವಿ ಹೋಗಿದೆ, ಇಲ್ಲವೇ ಈಕೆಯ ಬದುಕಿನಲ್ಲಿ ಏನೋ ಹೋಗಿದೆ ಎಂದುಕೊಂಡೆ. ಕಿವಿ ಸರಿಯಾಗಿದೆ ಎಂದು ವರದಿ ಬಂದ ಮೇಲೆ ಎರಡನೆಯದೇ ಗಟ್ಟಿಯಾಯಿತು.

ಅಂದಿನಿಂದ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ತಲೆಯನ್ನು ಸ್ವಲ್ಪ ಓರೆ ಮಾಡಿ, ಸಮಾಧಾನ ಹೇಳುವ ಮುಖ ಹಾಕಿಕೊಂಡು, "ಎಲ್ಲಾ ಸರಿ ಹೋಗುತ್ತಮ್ಮ, ಧೈರ್ಯವಾಗಿರಿ" ಎನ್ನುತ್ತಿದ್ದೆ. ಕೊನೆಗೆ ಆಕೆ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಭಾವನವರಿಗೆ ಏನಾದ್ರೂ ಆಗಿದೆಯಾ? ನಮ್ಮನೇಲಿ ಯಾರೋ ತೀರಿಕೊಂಡ ಹಾಗೆ ಮಾತಾಡಿಸ್ತಾರಲ್ಲ" ಎಂದು ಕೇಳಿದರಂತೆ. ಹೆಂಡತಿ ಮೇಲೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಆಕೆ ನಕ್ಕರೆ ನಮ್ಮ ಅಡುಗೆಮನೆ ಪಾತ್ರೆ ಅಲುಗುತ್ತೆ. ದಿನಾ ಸಂಜೆ ನಗ್ತಾಳೆ. ನಿಮಗೆ ಕೇಳೋದೇ ಇಲ್ವಾ?"

ಕೇಳಿರಲಿಲ್ಲ. ಕಿವಿ ಸರಿಯಾಗಿದೆ ಎಂಬ ವರದಿಯನ್ನು ಮಾತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ.

ಆ ಕಲ್ಲುಮುಖ ದುಃಖದ್ದಲ್ಲ, ಕಸುಬಿನದು. ಪರೀಕ್ಷೆಗೆ ಬಂದವರು ಶಬ್ದಕ್ಕೆ ಕಿವಿಗೊಡುವ ಬದಲು ಎದುರಿಗೆ ಕೂತವರ ಮುಖ ನೋಡುತ್ತಾರೆ. ಇವರ ಹುಬ್ಬು ಏರಿತೋ, ಅವರು ಒತ್ತಿಬಿಟ್ಟರು. ಮೊಣಕೈ ಅಲುಗಿದರೂ ಅಷ್ಟೆ. ಆದ್ದರಿಂದ ಯಂತ್ರದ ಗುಂಡಿ ತಿರುಗಿಸುವ ಬೆರಳೊಂದನ್ನು ಬಿಟ್ಟು ಮೈಯಲ್ಲಿ ಬೇರೇನೂ ಕದಲದಂತೆ ಈಕೆ ಅಭ್ಯಾಸ ಮಾಡಿಕೊಂಡಿದ್ದರು. ಇನ್ನು ಸೋಲಬಾರದು ಎಂದು ಹಟ ತೊಟ್ಟು ಬರುವ ಕೆಲವರು ಶಬ್ದವೇ ಇಲ್ಲದಾಗಲೂ ಒತ್ತುತ್ತಲೇ ಇರುತ್ತಾರೆ. ಅಂಥವರನ್ನು ಹಿಡಿಯಲು ನಡುನಡುವೆ ಉದ್ದನೆಯ ಮೌನ ಇಡಬೇಕು. ಕೇಳಿದರೂ ಕೇಳದವರಂತೆ ಕೂರುವವರದು ಬೇರೊಂದು ಗುಂಪು. ಅವರಲ್ಲಿ ಹೆಚ್ಚಿನವರು ಗಂಡಂದಿರು; ಹೆಂಡತಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿರುತ್ತಾಳೆ. ಇದನ್ನೆಲ್ಲ ವರ್ಷಗಟ್ಟಲೆ ನೋಡಿ ನೋಡಿ, ಕಟ್ಟಡದವರ ಬಾಯಲ್ಲಿ ಈಕೆ ಕಿವಿ ಮೇಡಂ ಆಗಿದ್ದರು.

ಕಿವಿ ಮೇಡಂ ಪೋಕರ್ ಹಿಡಿದದ್ದು ಆಕಸ್ಮಿಕ. ಕ್ಲಿನಿಕ್ಕಿನ ನರ್ಸೊಬ್ಬರ ಜತೆ ಒಂದು ಭಾನುವಾರ ಇಸ್ಪೀಟು ಕ್ಲಬ್ಬಿಗೆ ಹೋದರು. ಮೇಜಿಗೊಬ್ಬರು ಕಡಿಮೆ ಬಿದ್ದರು, ಕೂತರು. ಆಟ ಸರಳ. ಕೈಗೆ ಎರಡೆಲೆ ಬರುತ್ತದೆ, ಅದು ನಿಮ್ಮ ಗುಟ್ಟು. ಮೇಜಿನ ಮೇಲೆ ಐದೆಲೆ ಹಂತಹಂತವಾಗಿ ತೆರೆದುಕೊಳ್ಳುತ್ತದೆ, ಅದು ಎಲ್ಲರದು. ಎಲ್ಲಾ ಸೇರಿಸಿ ಯಾರ ಜೋಡಣೆ ಚೆನ್ನಾಗಿದೆಯೋ ದುಡ್ಡಿನ ಬದಲು ಎಲ್ಲರೂ ನಡುವೆ ಒಡ್ಡಿದ ಬಿಲ್ಲೆಗಳೆಲ್ಲ ಅವರಿಗೆ. ನಿಮ್ಮದು ಚೆನ್ನಾಗಿಲ್ಲವೆಂದರೆ ಎಲೆ ಎಸೆದು ಸುಮ್ಮನಾಗಬಹುದು. ಇಲ್ಲವೇ ಭಾರೀ ಎಲೆ ಬಂದವರಂತೆ ಬಿಲ್ಲೆಗಳನ್ನು ಮುಂದೆ ತಳ್ಳಿ ಉಳಿದವರನ್ನು ಹೆದರಿಸಿ ಓಡಿಸಬಹುದು. ಭಾನುವಾರದ ಮೇಜಿನಲ್ಲಿ ಕೂತವರೆಲ್ಲ ಪರೀಕ್ಷೆಯ ಪೆಟ್ಟಿಗೆಯೊಳಗೆ ಕೂತವರ ಹಾಗೇ ಕಂಡರಂತೆ: ಒಬ್ಬರ ಕತ್ತು ಕೆಂಪಾಗುವುದು, ಇನ್ನೊಬ್ಬರು ಉಗುಳು ನುಂಗುವುದು, ಮತ್ತೊಬ್ಬರು ರಾಣಿ ಬಂದರೆ ಮೀಸೆ ಮುಟ್ಟಿಕೊಳ್ಳುವುದು. ಇವರ ಮುಖದಲ್ಲಿ ಮಾತ್ರ ಯಾರಿಗೂ ಏನೂ ಸಿಗಲಿಲ್ಲ.

ಒಂದೆರಡು ವರ್ಷದಲ್ಲಿ ಮೇಡಂ ಭಾನುವಾರದ ಮೇಜುಗಳನ್ನೆಲ್ಲ ಗುಡಿಸಿ ಒರೆಸಿ, ಒಂದು ದೊಡ್ಡ ಪಂದ್ಯದಲ್ಲಿ ಕೊನೆಯ ಮೇಜಿನವರೆಗೂ ಹೋಗಿ ಬಂದರು. ಆಗ ಶುರುವಾಯಿತು ತಲೆಬಿಸಿ. ಇದನ್ನೇ ಕಸುಬು ಮಾಡಿಕೊಂಡರೆ ಹೇಗೆ ಎಂಬ ಹುಳ ಒಳಗೆ ಹೊಕ್ಕಿತು. ಅದೇ ಹೊತ್ತಿಗೆ ಡಾಕ್ಟರು ಎರಡನೆಯ ಕ್ಲಿನಿಕ್ ತೆರೆಯುವವರಿದ್ದರು. ಅದನ್ನು ನೀವೇ ನೋಡಿಕೊಳ್ಳಬೇಕು, ಹೂಂ ಅಂದರೆ ನಿವೃತ್ತಿಯವರೆಗೆ ಯೋಚನೆಯಿಲ್ಲ ಎಂದರು. ಒಂದು ಕಡೆ ತಿಂಗಳು ತಿಂಗಳು ತಪ್ಪದ ಸಂಬಳ, ಸ್ವಂತ ಕೋಣೆ. ಇನ್ನೊಂದು ಕಡೆ ಹಸಿರು ಬಟ್ಟೆ ಹೊದಿಸಿದ ಮೇಜು.

ಮನೆಯಲ್ಲಿ ಸಭೆ ಸೇರಿತು. ನನಗೂ ಕರೆ ಬಂತು. ಸಂಬಳವಿಲ್ಲದೆ ಬರೆದು ಬದುಕುವ ನನ್ನ ಅನುಭವ ಅವರಿಗೆ ಬೇಕಾಗಿರಬಹುದೆಂದು, ಸ್ವಾತಂತ್ರ್ಯದ ಬೆಲೆ ಎಂಬ ವಿಷಯದ ಮೇಲೆ ನಾಲ್ಕು ಒಳ್ಳೆಯ ಮಾತು ಸಿದ್ಧಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಇಳಿದೆ. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಡಂ ಅತ್ತೆ ಕೈ ಅಡ್ಡ ಹಿಡಿದರು.

"ನೀನು ಮಾತಾಡೋದು ಬೇಡ ಕಣಪ್ಪಾ, ಸುಮ್ನೆ ಕೂತಿರು. ಸಂಬಳ ಇಲ್ದೆ ಇದ್ರೆ ಮನುಷ್ಯ ಹೇಗಾಗ್ತಾನೆ ಅಂತ ಇವಳು ನೋಡ್ಲಿ ಅಂತ ಕರೆಸಿದ್ದು."

ಮೇಡಂ ಗಂಡ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು ತಮ್ಮ ಕಾಲ ಕೆಳಗಿನ ಬ್ರೇಕನ್ನು ಒತ್ತುವುದೇ ಅವರ ಜೀವನ. ಹೆಂಡತಿ "ರಾಜೀನಾಮೆ" ಎಂದಾಗಲೆಲ್ಲ ಅವರ ಬಲಗಾಲು ತಾನಾಗಿ ಚಾಪೆಯನ್ನು ಒತ್ತುತ್ತಿತ್ತು.

"ಮುಖ ಓದೋದು ನನಗೆ ಬರುತ್ತೆ ರೀ," ಎಂದರು ಮೇಡಂ. "ಇಷ್ಟು ವರ್ಷ ಅದನ್ನೇ ಮಾಡಿದ್ದೀನಿ."

"ಭಾನುವಾರದೋರ ಮುಖ ಕಣೇ ಅದು. ವಾರವಿಡೀ ದುಡಿದು ಮಜಾಕ್ಕೆ ಬಂದಿರ್ತಾರೆ. ಖಾಲಿ ಮೈದಾನದಲ್ಲಿ ಯಾರು ಬೇಕಾದ್ರೂ ಕಾರು ಓಡಿಸ್ತಾರೆ. ಸಂಜೆ ಮಾರ್ಕೆಟ್ ರಸ್ತೇಲಿ ಓಡಿಸು, ಆಮೇಲೆ ಮಾತಾಡು."

ಬ್ರೇಕ್ ಒತ್ತಲು ಹೋದ ಆ ಮಾತೇ ಗಾಡಿಯನ್ನು ಮುಂದೆ ನೂಕಿತು. ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ವಾರದ ದಿನಗಳ ಮೇಜಿನಲ್ಲಿ ಕೂತು ನೋಡುವುದು, ರಜೆ ಮುಗಿದ ದಿನ ಡಾಕ್ಟರಿಗೆ ಹೂಂ ಅಥವಾ ಊಹೂಂ ಹೇಳುವುದು ಎಂದಾಯಿತು. ಅತ್ತೆ ಒಂದೇ ಷರತ್ತು ಹಾಕಿದರು: "ಮನೆ ದುಡ್ಡು ಆ ಮೇಜಿಗೆ ಹೋಗ್ಬಾರ್ದು. ಭಾನುವಾರ ಗೆದ್ದು ಇಟ್ಟಿದ್ದೀಯಲ್ಲ, ಅದರಲ್ಲಿ ಆಡು. ಅದು ಖಾಲಿ ಆಯ್ತೋ, ಆಟಾನೂ ಖಾಲಿ."

ವಾರದ ಮೇಜು ಬೇರೆಯೇ ಲೋಕ. ಪರದೆ ಎಳೆದ ಕೋಣೆ, ಫ್ಯಾನಿನ ಸದ್ದು, ಬಿಲ್ಲೆಗಳನ್ನು ಬೆರಳ ಸಂದಿಯಲ್ಲಿ ಆಡಿಸುವ ಕಟಕಟ. ಕೂತವರಿಗೆಲ್ಲ ಅದೇ ಅನ್ನ. ಯಾರೂ ಮೀಸೆ ಮುಟ್ಟಿಕೊಳ್ಳುವುದಿಲ್ಲ. ಅವರಲ್ಲೂ ಒಬ್ಬರು ಮುದುಕರಿದ್ದರು, ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮೇಜಿನವರೆಲ್ಲ ಅವರನ್ನು ಬಂಡೆ ಎನ್ನುತ್ತಿದ್ದರು. ಮೇಡಂ ಬಿಲ್ಲೆ ತಳ್ಳಿ ಪಂದ್ಯ ಏರಿಸಿದರೆ ಆಸಾಮಿ ಉಸಿರನ್ನೂ ಬಿಡದವರಂತೆ ತಮ್ಮ ಎಲೆಗಳನ್ನೇ ನೋಡುತ್ತಾ ಕೂತಿರುವರು. ಎಲೆ ಹಂಚುವವನು ಮೇಜು ತಟ್ಟಿದ ಮೇಲೆ ನಿಧಾನವಾಗಿ ತಲೆಯೆತ್ತಿ, ಇದ್ದಕ್ಕಿದ್ದಂತೆ ದೊಡ್ಡ ರಾಶಿ ಮುಂದೆ ದೂಡುವರು.

ತಡ ಮಾಡಿದ್ದಾರೆಂದರೆ ಕೈಯಲ್ಲಿ ಏನೂ ಇಲ್ಲ, ಸುಳ್ಳು ಕಟ್ಟುತ್ತಿದ್ದಾರೆ ಎಂದು ಮೇಡಂ ಲೆಕ್ಕ ಹಾಕಿ ಎದುರು ನಿಂತರು. ಮುದುಕರ ಕೈಯಿಂದ ಎರಡು ಎಕ್ಕ ಬಿದ್ದವು. ಹಾಗಾದರೆ ತಡವೆಂದರೆ ಬಲ ಎಂದು ಮರುದಿನ ಒಳ್ಳೆಯ ಎಲೆಗಳನ್ನು ಎಸೆದು ಹಿಂದೆ ಸರಿದರು. ಮುದುಕರು ಹಲ್ಲು ಬಿಟ್ಟು ಒಂದಕ್ಕೊಂದು ಸಂಬಂಧವಿಲ್ಲದ ಎರಡೆಲೆ ತೋರಿಸಿದರು. ಅವರು ಎಡಕ್ಕೆ ವಾಲಿದರೆ ಒಂದರ್ಥ, ಕಿವಿ ತುರಿಸಿಕೊಂಡರೆ ಇನ್ನೊಂದರ್ಥ ಎಂದು ಮೇಡಂ ದಿನಕ್ಕೊಂದು ಸಿದ್ಧಾಂತ ಕಟ್ಟಿದರು. ದಿನವೂ ಅವರ ಮುಂದಿನ ಬಿಲ್ಲೆ ಮುದುಕರ ಕಡೆಗೆ ಜರುಗುತ್ತಾ ಹೋಯಿತು. ಕೆಳಗಿನ ಮನೆಯ ನಗು ನಿಂತಿತು. ಈ ಸಲ ನನಗೂ ಗೊತ್ತಾಯಿತು.

ಒಂದು ಮಧ್ಯಾಹ್ನ ಕಾಫಿ ತರುವವನು ಕಾಲು ತೊಡರಿ ಕಪ್ಪು ಬಸಿಗಳ ತಟ್ಟೆಯನ್ನೇ ಮುದುಕರ ಬೆನ್ನ ಹಿಂದೆ ಕೆಡವಿದ. ಮೇಜಿನವರೆಲ್ಲ ಹಾರಿಬಿದ್ದರು. ಬಂಡೆ ಮಾತ್ರ ಎಲೆ ನೋಡುತ್ತಾ ಕೂತಿತ್ತು. ಎಂಥ ಗುಂಡಿಗೆಯಪ್ಪಾ ಎಂದು ಮೇಡಂ ಮನಸ್ಸಿನಲ್ಲೇ ಕೈಮುಗಿದರು. ಮನೆಗೆ ಬರುವ ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು ಅದನ್ನೇ ಮೆಲುಕು ಹಾಕುತ್ತಿದ್ದಾಗ, ತಟ್ಟನೆ ಹಣೆ ಚಚ್ಚಿಕೊಂಡರು. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರಂತೆ.

ಮರುದಿನ ಮುದುಕರ ಎಡಗಡೆ ಕೂತು, ಕಿವಿಯ ಹತ್ತಿರವೇ ಬಾಯಿಟ್ಟು, "ಯಜಮಾನ್ರೇ, ನಿಮ್ಮ ಅಂಗಿ ಗುಂಡಿ ಬಿಚ್ಚಿದೆ" ಎಂದರು. ಉತ್ತರವಿಲ್ಲ. ಎದ್ದು ಬಲಗಡೆ ಬಂದು ಹಾಗೇ ಬಾಯಿಟ್ಟು ಅದನ್ನೇ ಅಂದರು.

"ಅಯ್ಯೋ, ಹೌದಲ್ಲಮ್ಮಾ!" ಎಂದು ಮುದುಕರು ಗುಂಡಿ ಹಾಕಿಕೊಂಡರು.

ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಮುಕ್ಕಾಲು. ಇವರು ಎಡದಲ್ಲಿ ಕೂತು ಪಂದ್ಯ ಏರಿಸಿದ್ದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ಮೇಜು ತಟ್ಟಿದ ಮೇಲೆ ತಲೆಯೆತ್ತಿ, ತಮಗೆ ತೋಚಿದ್ದು ಮಾಡುತ್ತಿದ್ದರು. ಅಂದು ಸಂಜೆ ನಮ್ಮ ಅಡುಗೆಮನೆ ಪಾತ್ರೆಗಳು ಮತ್ತೆ ಅಲುಗಿದವು. ಇಳಿದು ಹೋದೆವು. ಮೇಡಂ ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಬೇರೆ ಯಾರಾದ್ರೂ ಆಗಿದ್ರೆ ಹೋಗ್ಲಿ, ನಾನೇ ಹೀಗೆ ಮಾಡೋದಾ ಭಾವ! ಕಿವಿ ಕೇಳದವರ ಪಕ್ಕ ಅಷ್ಟು ದಿನ ಕೂತು, ಎಂಥ ಬುದ್ಧಿವಂತ ಅಂತ ಹೆದರಿದ್ದೀನಿ. ಶಬ್ದಾನೇ ಇಲ್ಲ, ನಾನು ಬಟನ್ ಒತ್ತುತ್ತಾ ಕೂತಿದ್ದೆ."

"ಹಾಗಾದ್ರೆ ಆಯ್ತಲ್ಲ," ಎಂದರು ಗಂಡ ನಿರಾಳವಾಗಿ. "ಬಿಟ್ಟುಬಿಡು."

"ಯಾಕೆ? ತಪ್ಪು ಎಲ್ಲಿ ಅಂತ ಸಿಕ್ತಲ್ಲ. ನಿಮ್ಮ ಹತ್ರ ಕಲಿಯೋರು ಒಂದ್ಸಲ ಕಂಬಕ್ಕೆ ಗುದ್ದಿದ್ರೆ, ಇನ್ನು ಕಾರು ಮುಟ್ಟಬೇಡಿ ಅಂತೀರಾ?"

"ಅಂತೀನಿ."

"ಅದಕ್ಕೇ ನಿನ್ನ ಶಾಲೆಗೆ ಜನ ಕಡಿಮೆ," ಎಂದರು ಅತ್ತೆ.

ಮೇಡಂ ಮುದುಕರನ್ನು ಕ್ಲಿನಿಕ್ಕಿಗೆ ಕರೆದೊಯ್ದು ಪೆಟ್ಟಿಗೆಯಲ್ಲಿ ಕೂರಿಸಿದರು. ಅವರ ಗುಟ್ಟು ಸಿಕ್ಕಿತ್ತಲ್ಲ, ಬಾಯಿಮುಚ್ಚಿಕೊಂಡು ಆಡಬಾರದಿತ್ತೇ ಎಂದು ಕ್ಲಬ್ಬಿನವರೊಬ್ಬರು ಕೇಳಿದಾಗ, "ನನ್ನ ರಜೆ ಇನ್ನೂ ಮುಗಿದಿಲ್ಲ, ನಾನಿನ್ನೂ ಕಿವಿ ಕೆಲಸದವಳೇ" ಎಂದರಂತೆ. ಮುದುಕರು ಕಿವಿಗೆ ಯಂತ್ರ ಹಾಕಿಸಿಕೊಂಡು ಮೇಜಿಗೆ ಬಂದವರು, ಪಕ್ಕದವರನ್ನು ಬೆರಗಾಗಿ ನೋಡಿ, "ಈ ಮನುಷ್ಯ ಇಷ್ಟೊಂದು ಮಾತಾಡ್ತಾನಾ?" ಎಂದು ಕೇಳಿ, ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡರು.

ಉಳಿದ ರಜೆಯಲ್ಲಿ ಮೇಡಂ ಮುಖ ನೋಡುವುದನ್ನು ಬಿಟ್ಟು ಎಲೆ ನೋಡಿದರು. ಇನ್ನು ಬರಬಹುದಾದ ಎಲೆ ಯಾವುದು, ಬರುವ ಸಾಧ್ಯತೆ ಎಷ್ಟು, ಅದಕ್ಕೆ ಇಷ್ಟು ಬಿಲ್ಲೆ ಹಾಕಬಹುದೇ ಬೇಡವೇ ಎಂಬ ಒಣ ಲೆಕ್ಕ. ಮುಖ ಓದುವುದು ಉಪ್ಪಿನಕಾಯಿಯಷ್ಟೇ, ಊಟವಲ್ಲ ಎಂದು ಅರ್ಥವಾಗಿತ್ತು. ಹೊರಗಿನವರಿಗೆ ಅದೊಂದು ರೋಮಾಂಚನದ ಕಸುಬು. ಮನೆಯ ಮಾತುಕತೆ ಹೀಗಿರುತ್ತಿತ್ತು:

"ಏನಾಯ್ತೇ ಇವತ್ತು?"

"ಏನೂ ಇಲ್ಲ ಅತ್ತೆ. ಎಸೆದೆ."

"ನಿನ್ನೆ?"

"ನಿನ್ನೇನೂ ಎಸೆದೆ."

"ಎಸೆಯೋಕೆ ಬಸ್ ಹತ್ತಿ ಅಲ್ಲೀವರೆಗೂ ಹೋಗ್ಬೇಕಾ?"

ಆದರೆ ಎಸೆದು ಎಸೆದು, ಎಸೆಯಬಾರದ ಹೊತ್ತಿಗೆ ಸರಿಯಾಗಿ ನಿಂತು, ಕಳೆದದ್ದೆಲ್ಲ ಮೆಲ್ಲಗೆ ವಾಪಸು ಬಂತು. ಮೇಲೊಂದಿಷ್ಟು ಸೇರಿತು. ರಜೆ ಮುಗಿಯುವಾಗ ನೋಡಿದರೆ ಹೆಚ್ಚುಕಡಿಮೆ ಸಂಬಳದಷ್ಟೇ. ಇದು ಮನೆಯವರನ್ನು ಪೇಚಿಗೆ ಸಿಕ್ಕಿಸಿತು. ಪೂರ್ತಿ ಸೋತಿದ್ದರೆ ಮಾತು ಸುಲಭವಾಗಿತ್ತು, ರಾಶಿ ಗೆದ್ದಿದ್ದರೂ ಸುಲಭವಾಗಿತ್ತು.

"ಅಷ್ಟೇ ದುಡ್ಡು ಬರೋದಾದ್ರೆ ಇರೋ ಕೆಲಸ ಯಾಕೆ ಬಿಡಬೇಕು?" ಎಂದು ಗಂಡ ಕೇಳಿದರು. ಈ ಸಲ ಕಾಲು ಒತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

ಮೇಡಂ ಹೇಳಿದರು: "ಕೆಟ್ಟ ಎಲೆ ಬಂದ ದಿನಾನೂ ಬೆಳಿಗ್ಗೆ ಎದ್ದರೆ ಹೋಗ್ಬೇಕು ಅನ್ಸುತ್ತೆ ರೀ. ಕ್ಲಿನಿಕ್ಕಿಗೆ ಹಾಗನ್ಸಿ ಎಷ್ಟೋ ವರ್ಷ ಆಯ್ತು."

ಅವರು ಹೆಂಡತಿಯ ಮುಖವನ್ನೇ ನೋಡಿದರು. ಅಲ್ಲಿ ಓದಲು ಏನೂ ಇರಲಿಲ್ಲ, ಎಂದಿನಂತೆ. "ಒಂದು ವರ್ಷ," ಎಂದರು. "ನನ್ನ ಸಂಬಳದಲ್ಲಿ ಮನೆ ನಡೆಯುತ್ತೆ, ಬಿಗಿ ಹಿಡೀಬೇಕು ಅಷ್ಟೆ. ಅಮ್ಮನ ಷರತ್ತು ಹಾಗೇ ಇರ್ಲಿ."

ಡಾಕ್ಟರು ರಾಜೀನಾಮೆ ಕೇಳಿ ಕನ್ನಡಕ ತೆಗೆದು ಒರೆಸಿದರಂತೆ. ಹೊಸ ಕೋಣೆಯ ಬಾಗಿಲಿಗೆ ಮೇಡಂ ಹೆಸರಿನ ಬೋರ್ಡನ್ನೂ ಬರೆಸಿಟ್ಟಿದ್ದರು. "ಒಂದು ವರ್ಷ ಇದನ್ನ ಎತ್ತಿಟ್ಟಿರ್ತೀನಿ," ಎಂದರು. "ನಿಮ್ಮ ಮೇಲೆ ನಂಬಿಕೆ ಇಲ್ದೆ ಅಲ್ಲ. ದುಡ್ಡು ಕೊಟ್ಟು ಬರೆಸಿದ್ದು, ಎಸೆಯೋಕೆ ಮನಸ್ಸು ಬರಲ್ಲ."

ಸೋಮವಾರ ಬೆಳಿಗ್ಗೆ ನಾನು ಪೇಪರ್ ತರಲು ಇಳಿದಾಗ ಮೇಡಂ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಿದ್ದರು. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೆ ಚೀಲ, ನೀಟಾಗಿ ಬಾಚಿದ ತಲೆ. ಒಳಗಿನಿಂದ ಅತ್ತೆ, "ನೀರಿನ ಬಾಟ್ಲಿ ಇಟ್ಕೊಂಡ್ಯಾ?" ಎಂದು ಕೂಗಿದರು. ಒಂದು ಬದುಕು ಇನ್ನೊಂದಕ್ಕೆ ಹೊರಳುವ ಘಳಿಗೆಗೆ ನಾನೇ ಸಾಕ್ಷಿಯಾಗುತ್ತಿದ್ದೇನೆ ಎನ್ನಿಸಿ, ಮೆಟ್ಟಿಲಿಗೆ ಅಡ್ಡ ನಿಂತು, ದನಿಯಲ್ಲಿ ಸಾಧ್ಯವಾದಷ್ಟು ಆಳ ತಂದುಕೊಂಡು ಕೇಳಿದೆ:

"ಇಂಥ ದಿನ ಒಳಗೆ ಏನನ್ನಿಸುತ್ತಮ್ಮ? ಇವತ್ತು ಗೆಲ್ತೀರಿ ಅಂತ ಮನಸ್ಸು ಹೇಳ್ತಿದೆಯಾ?"

"ಮನಸ್ಸಿಗೇನು ಗೊತ್ತು ಭಾವ, ಇನ್ನೂ ಎಲೇನೇ ಹಂಚಿಲ್ಲ. ದಾರಿ ಬಿಡಿ, ಬಸ್ಸು ಬಂತು."