ಬೀಗರೂಟದಿಂದ ಎದ್ದು ಬಂದದ್ದು

ನಾನು ಮದುವೆಯಾದದ್ದು ಒಬ್ಬರನ್ನು. ಅವರೊಳಗೆ ಇನ್ನೂ ಇಬ್ಬರಿದ್ದಾರೆ ಎಂದು ತಿಳಿಯುವಷ್ಟರಲ್ಲಿ ಹಾಸನದ ಬಾಡಿಗೆ ಮನೆಯಲ್ಲಿ ಐದಾರು ವರ್ಷ ಕಳೆದಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನ್ನ ಗಂಡ ಒಬ್ಬರು. ಮಾತೇ ಆಡದೆ ಗೋಡೆ ನೋಡುತ್ತಾ ಹಲ್ಲು ಕಡಿಯುವವನೊಬ್ಬ. ಏಳೆಂಟು ವರ್ಷದ ಹುಡುಗನೊಬ್ಬ. ಅವನು ನನ್ನನ್ನು ಅಕ್ಕ ಎನ್ನುತ್ತಾನೆ. ಒಬ್ಬರಿದ್ದಾಗ ನಡೆದದ್ದು ಮತ್ತೊಬ್ಬರಿಗೆ ನೆನಪಿರುವುದಿಲ್ಲ. ನೆಂಟರಿಗೆ ಗೊತ್ತಾದರೆ ಮಾರನೇ ದಿನವೇ ತಾಯತ ಹಿಡಿದು ಬರುತ್ತಾರೆಂದು ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಮೈಸೂರಿನ ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದ ದಿನ ಇನ್ನೊಂದು ಮಾತನ್ನೂ ಹೇಳಿದ್ದರು. 'ಚಿಕ್ಕಂದಿನಲ್ಲಿ ತಡೆದುಕೊಳ್ಳಲಾಗದ್ದು ಏನೋ ಆಗಿದೆ. ಅದನ್ನು ಆ ಹುಡುಗನೇ ಹೇಳಲಿ, ನೀವು ಕೆದಕಬೇಡಿ. ಹೇಳಿದರೂ ನಿಮ್ಮ ಯಜಮಾನರ ಕಿವಿಗೆ ಹಾಕಬೇಡಿ. ನೇರ ಇಲ್ಲಿಗೆ ಬನ್ನಿ.' ನಾನು ಕೆದಕಿರಲಿಲ್ಲ. ಆಸೆಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೋದ ವರ್ಷ ಚನ್ನರಾಯಪಟ್ಟಣದ ಆಚೆ, ಹಿರೀಸಾವೆ ಹತ್ತಿರದ ಊರಿನಲ್ಲಿ ನನ್ನ ಗಂಡನ ಚಿಕ್ಕಪ್ಪನ ಮಗಳ ಬೀಗರೂಟ. ಅಪ್ಪ ತೀರಿಕೊಂಡ ಮೇಲೆ ಇವರು ಬೆಳೆದದ್ದು ಆ ಮನೆಯಲ್ಲೇ. ಚಿಕ್ಕಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಬೇಕಿತ್ತು. ಊಟ ಮುಗಿಸಿ ಅವರನ್ನು ನಮ್ಮ ಕಾರಿನಲ್ಲೇ ಕರೆತಂದು, ಒಂದು ತಿಂಗಳು ಹಾಸನದಲ್ಲಿ ನಮ್ಮ ಜೊತೆ ಇಟ್ಟುಕೊಳ್ಳುವುದೆಂದು ತೀರ್ಮಾನವಾಗಿತ್ತು. ಒಳಗಿನ ಕೋಣೆಯಲ್ಲಿ ಅವರಿಗೆ ಹಾಸಿಗೆ ಹಾಸಿಟ್ಟೇ ಹೊರಟಿದ್ದೆ. ಆ ತಿಂಗಳಲ್ಲಿ ಹುಡುಗ ಬಂದುಬಿಟ್ಟರೆ ಚಿಕ್ಕಪ್ಪನಿಗೆ ಏನೆಂದು ಹೇಳುವುದು ಎಂಬುದೊಂದೇ ನನ್ನ ಭಯ.

ಶಾಮಿಯಾನದ ಕೆಳಗೆ ಸಾಲು ಟೇಬಲ್ಲು, ಬಾಳೆ ಎಲೆ, ಮುದ್ದೆ, ಮಟನ್ ಸಾರು. ನಮ್ಮ ಕಡೆ ಬೀಗರೂಟದಲ್ಲಿ ಸಾಕು ಎಂದರೆ ಇನ್ನಷ್ಟು ಹಾಕಿ ಎಂದೇ ಲೆಕ್ಕ. ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೇ ಬಡಿಸುತ್ತಾರೆ. ಚಿಕ್ಕಪ್ಪ ತಾವೇ ಬಕೆಟ್ಟು ಹಿಡಿದು ಬಂದರು.

'ಇದೇನ್ಲಾ, ಕೋಳಿ ಕೆದಕ್ದಂಗೆ ತಿಂತಿದ್ದೀಯ? ಆಕುಸ್ಕೊ.'

ಇವರು ನಗುತ್ತಾ ಬೇಡವೆಂದರು. ಚಿಕ್ಕಪ್ಪ ನಾಲ್ಕು ತುಂಡು ಸುರಿದು, ಎಡಗೈಯಲ್ಲಿ ಇವರ ಕತ್ತಿನ ಹಿಂಭಾಗ ಹಿಡಿದು ಎಲೆಯತ್ತ ಬಗ್ಗಿಸಿದರು. 'ತಿನ್ನು ಅಂದ್ರೆ ತಿನ್ಬೇಕು ಕಣ್ಲಾ.' ಸಾಲಿನವರೆಲ್ಲ ನಕ್ಕರು. ಪ್ರೀತಿಯ ಬಲವಂತ ಎಂದುಕೊಂಡು ನಾನೂ ನಕ್ಕೆ.

ಇವರ ನಗು ಅಲ್ಲೇ ನಿಂತಿತು. ಎಡಗೈ ಮೆಲ್ಲಗೆ ತೊಡೆಯ ಕೆಳಗೆ ಹೋಯಿತು. ಭುಜಗಳು ಕಿವಿಯವರೆಗೆ ಏರಿದವು. ಹುಡುಗ ಕೂರುವುದೇ ಹೀಗೆ. ಅಷ್ಟು ಜನರ ನಡುವೆ ಅವನು ಯಾವತ್ತೂ ಬಂದಿರಲಿಲ್ಲ. ಒಂದು ತುಂಡು ಬಾಯಿಗೆ ತುರುಕಿಕೊಂಡ, ಅದನ್ನು ಅಗಿಯದೆ ಇನ್ನೊಂದು ತುರುಕಿಕೊಂಡ. ಕಣ್ಣಲ್ಲಿ ನೀರು.

'ನಿಧಾನ ಕಂದ' ಎಂದೆ, ಪಕ್ಕದವರಿಗೆ ಕೇಳಿಸದಂತೆ.

'ತಿಂತೀನಿ ಕಣಕ್ಕ, ಎಲ್ಲಾ ತಿಂತೀನಿ. ಕೊಬ್ರಿ ಅಟ್ಟಕ್ಕೆ ಅತ್ತಿಸ್ಬ್ಯಾಡ ಅನ್ನು. ಏಣಿ ತೆಗೀಬ್ಯಾಡ ಅನ್ನು. ಅಲ್ಲಿ ಕತ್ಲು.'

'ಯಾರಿಗೆ ಅನ್ನಲಿ?' ಕೇಳಬಾರದ ಪ್ರಶ್ನೆ ಬಾಯಿಂದ ಜಾರಿಬಿಟ್ಟಿತು. ಅವನು ತಲೆ ಎತ್ತಲಿಲ್ಲ. ಬಕೆಟ್ಟು ಹಿಡಿದು ಮುಂದಿನ ಎಲೆಗೆ ಬಡಿಸುತ್ತಿದ್ದವರ ಕಡೆ ಗಲ್ಲವನ್ನಷ್ಟೇ ತಿರುಗಿಸಿದ.

ಆ ಸಾರನ್ನು ಅದೇ ಮುದುಕನ ತಲೆಗೆ ಸುರಿಯಬೇಕೆನಿಸಿತು. ಸುರಿದಿದ್ದರೆ ಹುಡುಗ ಇನ್ನಷ್ಟು ಹೆದರುತ್ತಿದ್ದ. ಪಂಕ್ತಿಯ ನಡುವೆ ಎದ್ದರೆ ಬಂದ ಬೀಗರಿಗೆಲ್ಲ ಅವಮಾನ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎದ್ದೆ. ನನ್ನ ಎಲೆ ಮಡಚಿದೆ, ಅವನ ಎಲೆಯನ್ನೂ ನಾನೇ ಮಡಚಿದೆ. ಕೈ ಹಿಡಿದರೆ ಅವನಿಗೆ ಆಗುವುದಿಲ್ಲ. ಸೆರಗಿನ ತುದಿ ಕೊಟ್ಟೆ. ಅದನ್ನು ಹಿಡಿದುಕೊಂಡು ಹಿಂದೆ ಬಂದ. 'ಮೇಷ್ಟ್ರು ಎಂಡ್ತಿ ಸೆರಗ್ ಇಡ್ಕೊಂಡ್ ಒಂಟ್ರು ಕಣ್ರಪ್ಪಾ' ಎಂದು ಯಾರೋ ಕೂಗಿದರು. ಮತ್ತೆ ನಗು.

ಕಾರಿನವರೆಗೆ ಚಿಕ್ಕಪ್ಪ ಏದುಸಿರು ಬಿಡುತ್ತಾ ಬಂದರು. 'ಯಾಕವ್ವ, ಉಸಾರಿಲ್ವಾ ಅವ್ನಿಗೆ? ತಡಿ, ನನ್ ಬ್ಯಾಗು ತತ್ತೀನಿ.'

'ತರಬೇಡಿ. ನೀವು ನಮ್ಮನೆಗೆ ಬರೋದು ಬೇಡ.'

'ಅಂಗಂದ್ರೆ?'

ಬಾಗಿಲು ಹಾಕಿಕೊಂಡು ಕಾರು ಹೊರಡಿಸಿದೆ. ಇವರ ಸ್ಥಿತಿಯಿಂದಾಗಿ ಕಾರು ಓಡಿಸುವುದು ಯಾವಾಗಲೂ ನಾನೇ. ಹಿಂದಿನ ಸೀಟಿನಲ್ಲಿ ಮುದುರಿ ಮಲಗಿದ್ದ ಹುಡುಗ ಹೈವೇಯ ತನಕ ಒಂದೇ ಮಾತು ಕೇಳುತ್ತಿದ್ದ: 'ಅವ್ರು ಬರಾಕಿಲ್ವ ಅಕ್ಕ?' ಬರಲ್ಲ ಎಂದು ಅಷ್ಟೂ ಸಲ ಹೇಳಿದೆ. ಆಮೇಲೆ ನಿದ್ದೆ ಹೋದ.

ಚನ್ನರಾಯಪಟ್ಟಣದ ಹತ್ತಿರ ಎದ್ದು ಕೂತವರು ನನ್ನ ಗಂಡ. 'ಊಟ ಮುಗೀತಾ? ಚಿಕ್ಕಪ್ಪ ಎಲ್ಲಿ?'

'ಬರಲ್ಲ. ನಾನೇ ಬೇಡ ಅಂದೆ.'

'ಯಾಕೆ?'

ಅಟ್ಟ, ಏಣಿ, ಕತ್ತಲು, ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಡಾಕ್ಟರಮ್ಮನ ಮಾತು ನೆನೆದು ನುಂಗಿಕೊಂಡೆ. 'ನನಗೆ ಇಷ್ಟ ಇಲ್ಲ' ಎಂದೆ.

'ಅಪ್ಪ ಇಲ್ಲದ ನನಗೆ ಅನ್ನ ಹಾಕಿದೋರು ಅವರು. ಕಣ್ಣು ಕಾಣದ ಮುದುಕನ್ನ ಬಾಗಿಲಲ್ಲೇ ಬಿಟ್ಟು ಬಂದ್ಯಾ? ನಿಂದು ಇಷ್ಟು ಕಲ್ಲು ಮನಸ್ಸು ಅಂತ ಗೊತ್ತಿರಲಿಲ್ಲ.' ಫೋನು ತೆಗೆದರು. 'ನಾಳೆ ನಾನೇ ಬಸ್ಸಲ್ಲಿ ಹೋಗಿ ಕರ್ಕೊಂಡ್ ಬರ್ತೀನಿ.'

'ಅವರು ನಮ್ಮ ಹೊಸಿಲು ತುಳಿದ ದಿನ ನಾನು ಆ ಮನೇಲಿ ಇರಲ್ಲ.'

ಇಷ್ಟು ವರ್ಷದಲ್ಲಿ ಅಂಥ ಮಾತು ನಾನು ಆಡಿರಲಿಲ್ಲ. ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು, ಗುರುತು ಸಿಗದವರನ್ನು ನೋಡುವ ಹಾಗೆ. ಫೋನು ಕೆಳಗಿಟ್ಟು ಕಿಟಕಿಯತ್ತ ತಿರುಗಿದರು. ಅವರನ್ನು ನಾನು ಪ್ರೀತಿಸುತ್ತೇನೆ, ಮೂವರನ್ನೂ. ಹುಡುಗನನ್ನು ಕಾಯಬೇಕಾದರೆ ಗಂಡನ ಕಣ್ಣಿಗೆ ಕೆಟ್ಟವಳಾಗಬೇಕಿತ್ತು, ಆದೆ.