ಹಾರ್ನ್ ಇಲ್ಲದ ಜೀಪಿನ ಉದ್ದ ಹಾರ್ನ್

ಜೀಪು ನಿಲ್ಲಿಸಿ ಕೆಳಗಿಳಿದರೆ ಕಮಲಕ್ಕನ ಅಂಗಳದಲ್ಲಿ ಏಳೆಂಟು ಜನ ನಿಂತಿದ್ದಾರೆ. ಯಾರೂ ನನ್ನ ಮುಖ ನೋಡುತ್ತಿಲ್ಲ... ಎಲ್ಲರ ಕಣ್ಣು ಜೀಪಿನ ಹಿಂದಿನ ಸೀಟಿನ ಮೇಲೆ.

ಜಗಲಿಯ ಕುರ್ಚಿಗಳನ್ನು ಬದಿಗೆ ಸರಿಸಿ ಚಾಪೆ ಹಾಸಿದ್ದರು. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದ್ದರು. ಮಧ್ಯಾಹ್ನ ದಾಟಿತ್ತಷ್ಟೆ, ಒಳ್ಳೆ ಬಿಸಿಲು.

ಇದು ಕೆಲವು ವರ್ಷದ ಹಿಂದಿನ ಮಾತು. ಕಾಸರಗೋಡಿನ ಕಡೆಯ ಕಾರಡ್ಕದ ಆಚೆ ಬಸ್ಸು ಹತ್ತದ ಒಂದು ಗುಡ್ಡ ಇದೆ. ಅಲ್ಲಿಗೆ ಬಾಡಿಗೆ ಜೀಪು ಓಡಿಸುತ್ತಿದ್ದವರು ಐತಪ್ಪಣ್ಣ. ಅವರು ತೀರಿಕೊಂಡ ಮೇಲೆ ಆ ಹಳೆಯ ಫೋರ್‌ವೀಲ್ ಜೀಪನ್ನು ಅವರ ಹೆಂಡತಿ ಕಮಲಕ್ಕನಿಂದ ಕೊಂಡವಳು ನಾನು.

ನಗುವವರು ನಗಿ. ಅಪ್ಪನ ಗ್ಯಾರೇಜಿನಲ್ಲಿ ಬೆಳೆದವಳು ನಾನು. ಮಧೂರಿನ ನಮ್ಮ ಮನೆಯಲ್ಲಿ ಸ್ಪ್ಯಾನರ್ ನನ್ನ ಕೈಯಲ್ಲಿ, ದೋಸೆ ಕಾವಲಿ ಗಂಡ ಸುರೇಶನ ಕೈಯಲ್ಲಿ.

ಇಡೀ ಮಳೆಗಾಲ ಅಂಗಳದ ಶೀಟಿನ ಅಡಿಯಲ್ಲಿ ಅದರದ್ದೇ ಕೆಲಸ. ಹೊಸ ಕ್ಲಚ್ ಪ್ಲೇಟ್ ಹಾಕಿದೆ, ಬ್ರೇಕಿನ ರಬ್ಬರ್ ಪೈಪು ಬದಲಿಸಿದೆ, ವೈರಿಂಗನ್ನು ಬುಡದಿಂದ ಹೊಸತಾಗಿ ಎಳೆದೆ. ಶೋಕಿಗೆ ಅಗಲದ ಟಯರ್ ಬೇರೆ.

ಹಳೆಯ ಹಾರ್ನ್ ತುಕ್ಕು ಹಿಡಿದು ಪುಡಿಯಾಗಿತ್ತು, ಕಿತ್ತು ಗುಜರಿಗೆ ಹಾಕಿದೆ. ಹೊಸತು ಮಂಗಳೂರಿನಿಂದ ಬರಬೇಕಿತ್ತು. ಅಲ್ಲಿಯವರೆಗೆ ಇರಲಿ ಎಂದು ವೈರಿನ ತುದಿಗಳಿಗೆ ಟೇಪ್ ಸುತ್ತಿ ಬಿಟ್ಟಿದ್ದೆ.

ಹಾರ್ನ್ ಇಲ್ಲದೆ ಗುಡ್ಡಕ್ಕೆ ಹೋಗಬೇಡ ಎಂದು ಸುರೇಶ ಬಡಕೊಂಡ. ನಾನು ಕೇಳಬೇಕಲ್ಲ? ಹೊಸ ಟಯರ್ ಏರು ಹತ್ತುವುದನ್ನು ನೋಡಬೇಕು, ಕಮಲಕ್ಕನಿಗೂ ತೋರಿಸಬೇಕು ಅಂತ ಹೊರಟೇಬಿಟ್ಟೆ.

ಮನೆಗಳು ಸಿಗುವ ಮೊದಲು, ಕಲ್ಲು ಕಡಿದು ಆಳ ಹೊಂಡವಾದ ಕಲ್ಲುಕೋರೆಯ ಹತ್ತಿರ ಒಂದು ಕೆಟ್ಟ ತಿರುವು. ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಮಾತ್ರ ದಾಟುತ್ತದೆ. ತಿರುಗಿಸಿದೆ, ದಾಟಿತು. ಇಂಜಿನ್ ಸದ್ದು ಬಿಟ್ಟರೆ ನನ್ನ ಕಿವಿಗೆ ಬೇರೆ ಏನೂ ಬೀಳಲಿಲ್ಲ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಅಂಗಳದಲ್ಲಿ ಕಮಲಕ್ಕ ನನ್ನ ಕೈ ಹಿಡಿದುಕೊಂಡರು.

"ಯಾರದ್ದು ಮಗಳೇ?"

ನನಗೆ ಅರ್ಥವಾಗಲಿಲ್ಲ. ಆಗ ಅವರೇ ಬಿಡಿಸಿ ಹೇಳಿದರು. ಫೋನ್ ಇಲ್ಲದ ಕಾಲದಿಂದ ಐತಪ್ಪಣ್ಣನದ್ದು ಒಂದು ಕ್ರಮವಂತೆ. ಆಸ್ಪತ್ರೆಗೆ ಹೋದವರನ್ನು ಜೀವಂತ ಕರೆತಂದರೆ ಕೋರೆಯ ತಿರುವಿನಲ್ಲಿ ಎರಡು ಸಣ್ಣ ಹಾರ್ನ್. ಹೆಣ ತಂದರೆ ಒಂದೇ ಉದ್ದ ಹಾರ್ನ್, ತಿರುವಿನಿಂದ ಅಂಗಳದವರೆಗೆ ಕೈ ತೆಗೆಯದೆ.

ಜೀಪು ಬಂದು ಮುಟ್ಟುವಷ್ಟರಲ್ಲಿ ಚಾಪೆ ಹಾಸಿ, ದಾರಿಗೆ ಅಡ್ಡವಿದ್ದದ್ದನ್ನೆಲ್ಲ ತೆಗೆದು, ಜನ ಸೇರಿರುತ್ತಿದ್ದರು. ಇವತ್ತೂ ಹಾಗೇ ಸೇರಿದ್ದಾರೆ. ಉದ್ದ ಹಾರ್ನ್ ಇಡೀ ಗುಡ್ಡಕ್ಕೆ ಕೇಳಿಸಿದೆಯಂತೆ.

ನನಗೆ ನಗು ಬಂತು. ಬಾನೆಟ್ ಎತ್ತಿ, ಹಾರ್ನ್ ಇದ್ದ ಖಾಲಿ ಜಾಗ, ಟೇಪ್ ಸುತ್ತಿದ ವೈರು ಎಲ್ಲ ತೋರಿಸಿದೆ. ಅವರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು... ಯಾರೂ ನಗಲಿಲ್ಲ. ನನ್ನ ನಗುವೂ ಅಲ್ಲಿಗೇ ನಿಂತಿತು.

ಆಮೇಲೆ ಎಲ್ಲರೂ ಮೊಬೈಲ್ ತೆಗೆದರು. ಆ ಗುಡ್ಡದಲ್ಲಿ ರೇಂಜ್ ಸಿಗುವುದು ಅಂಗಳದ ತುದಿಯ ಗೇರುಮರದ ಅಡಿಯಲ್ಲಿ ಮಾತ್ರ. ಇಡೀ ಗುಂಪು ಅಲ್ಲಿ ನಿಂತು ತಮ್ಮ ತಮ್ಮವರಿಗೆ ಫೋನ್ ಮಾಡುತ್ತಿದೆ. ದುಬೈಗೆ, ಕಾಸರಗೋಡಿಗೆ, ಮಕ್ಕಳ ಶಾಲೆಗೆ. ಆಚೆಯಿಂದ ಹಲೋ ಕೇಳಿದವರು ಉಸಿರು ಬಿಡುತ್ತಿದ್ದಾರೆ.

ಪಕ್ಕದ ಮನೆಯ ಲೀಲಾಳ ಗಂಡ ಮಂಗಳೂರಿನ ಆಸ್ಪತ್ರೆಯಲ್ಲಿದ್ದ. ಅವಳು ಎರಡು ಸಲ ತಪ್ಪು ನಂಬರ್ ಒತ್ತಿದಳು, ಆಮೇಲೆ ನಾನೇ ಒತ್ತಿಕೊಟ್ಟೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಒತ್ತಿದೆ. ಆ ಮನುಷ್ಯ ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತಿದ್ದನಂತೆ. ಲೀಲಾ ಅವನಿಗೆ ಬಾಯಿತುಂಬ ಬೈದು, ಮರದ ಬುಡದಲ್ಲೇ ಕೂತು ಅತ್ತಳು.

ಅಂದರೆ ಎಲ್ಲರೂ ಇದ್ದರು. ಯಾರಿಗೂ ಏನೂ ಆಗಿರಲಿಲ್ಲ.

ನಾನೂ ಸುರೇಶನಿಗೆ ಫೋನ್ ಮಾಡಿದೆ. ಎತ್ತಿದವನೇ, ಹಾರ್ನ್ ಇಲ್ಲದೆ ಹೋದದ್ದಕ್ಕೆ ಬೈಯಲು ಸುರು ಮಾಡಿದ. ಅವನ ಬೈಗುಳ ಅಷ್ಟು ಹಿತವಾಗಿ ನನಗೆ ಎಂದೂ ಕೇಳಿದ್ದಿಲ್ಲ.

ಹೊರಡುವಾಗ ಕಮಲಕ್ಕ ಜೀಪಿನ ಹತ್ತಿರ ಬಂದರು. ಈಗ ಅವರು ಹಿಂದಿನ ಸೀಟು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಮೆಲ್ಲ ಹೋಗು. ಗೇರ್‌ನಲ್ಲೇ ಇಳಿಸು, ಬ್ರೇಕ್ ನಂಬಬೇಡ. ಅವರೂ ಹಾಗೇ ಇಳೀತಿದ್ದದ್ದು."

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಇಡೀ ಗುಡ್ಡವನ್ನು ಫಸ್ಟ್ ಗೇರಿನಲ್ಲಿ ಆಮೆಯ ಹಾಗೆ ಇಳಿದೆ. ಹಿಂದಿನ ಸೀಟಿನ ಕಡೆ ಕನ್ನಡಿಯಲ್ಲೂ ನೋಡಲಿಲ್ಲ.

ಸಂಜೆಯಾಗುವ ಮೊದಲೇ ಮನೆ ಮುಟ್ಟಿದೆ. ಸುರೇಶ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದ.

"ಹಾರ್ನ್ ಎಲ್ಲಿ ಸಿಕ್ಕಿತು ಮಾರಾಯ್ತಿ? ಗೇಟಿನಿಂದ ಅಂಗಳದವರೆಗೆ ಕೈ ತೆಗೆಯದೆ ಒತ್ತಿಕೊಂಡು ಬಂದದ್ದು ಎಂತಕ್ಕೆ?"

ಗುಡ್ಡದಲ್ಲಿ ನಡೆದದ್ದನ್ನು ನಾನು ಅವನಿಗೆ ಫೋನಿನಲ್ಲಿ ಹೇಳಿರಲಿಲ್ಲ. ಜೀಪಿನಲ್ಲಿ ಇದ್ದದ್ದು ನಾನೊಬ್ಬಳೇ.

ಬ್ರೇಕ್ ನಂಬಬೇಡ ಎಂದ ಕಮಲಕ್ಕನ ಮಾತು ತಲೆಯಿಂದ ಹೋಗಲಿಲ್ಲ, ಮರುದಿನ ಬೆಳಿಗ್ಗೆ ಜಾಕಿ ಕೊಟ್ಟು ಮುಂದಿನ ಚಕ್ರ ಬಿಚ್ಚಿದೆ. ಸ್ಟೇರಿಂಗ್ ಪೂರ್ತಿ ತಿರುಗಿದಾಗ ನನ್ನ ಶೋಕಿಯ ಅಗಲದ ಟಯರ್ ಬ್ರೇಕಿನ ಪೈಪಿಗೆ ಉಜ್ಜುತ್ತಿತ್ತು. ರಬ್ಬರ್ ಸವೆದು ಸವೆದು ಒಳಗಿನ ನೂಲು ಕಾಣುತ್ತಿತ್ತು. ಬೆರಳಲ್ಲಿ ಒಮ್ಮೆ ಹಿಂಡಿದೆ... ಬಾಯಿ ಬಿಟ್ಟಿತು, ಎಣ್ಣೆ ಅಂಗೈಗೆ ಬಂತು.

ಆ ಇಳಿತದಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದ್ದರೆ ಪೈಪು ಒಡೆದು ಬ್ರೇಕೇ ಇರುತ್ತಿರಲಿಲ್ಲ, ಕೆಳಗೆ ಕೋರೆ.

ಜೀಪು ಈಗಲೂ ನನ್ನ ಹತ್ತಿರವೇ ಇದೆ. ಟಯರ್ ಮೊದಲಿನ ಅಳತೆಯದ್ದು, ಹಾರ್ನ್ ಹೊಸತು. ಎಲ್ಲಿಂದ ಬಂದರೂ ಗೇಟಿನಲ್ಲಿ ಎರಡು ಸಣ್ಣ ಹಾರ್ನ್ ಹಾಕಿಯೇ ನಾನು ಒಳಗೆ ಬರುವುದು.

ಎರಡನೆಯದು ಕೇಳುವವರೆಗೆ ಸುರೇಶ ಕಾವಲಿಯ ದೋಸೆ ಮಗುಚುವುದಿಲ್ಲ.